ಊರಿನ ಕೆರೆ ಮತ್ತು ನಗರದ ಆರೋಗ್ಯ

ಚೆನ್ನೈಯ ಪಶ್ಚಿಮ ಭಾಗದಲ್ಲಿ ಕೋಡಂಬಾಕ್ಕಂ, ವಿರುಗಂಬಾಕ್ಕಂ, ಅರುಂಬಾಕ್ಕಂ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ತಮಿಳಿನಲ್ಲಿ 'ಪಾಕ್ಕಂ' ಎಂದರೆ ಹಳ್ಳಿ. ಇವುಗಳ ನೆರೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಣ್ಣಾಸ್ವಾಮಿ ನಾಯಕರು ಹುಲ್ಲುಮಾಡಿನಡಿ ಆರಂಭಿಸಿದ ಮುರುಗನ ಪೂಜೆಯಿಂದ 'ಉತ್ತರದ ಪಳನಿ', ಅಂದರೆ ವಡಪಳನಿ, ಪ್ರಸಿದ್ಧವಾಯಿತು. ಚಿತ್ರರಂಗದ ನಿಮಿತ್ತ ಅನೇಕ ಕನ್ನಡ ಕುಟುಂಬಗಳಿಗೂ ಈ ಪ್ರದೇಶ ಆಶ್ರಯವಾಯಿತು.

ಈ ಹಳ್ಳಿಗಳ ವಿನ್ಯಾಸಕ್ಕೆ ಒಂದು ಕ್ರಮವಿದ್ದಿತು. ದಿಬ್ಬದ ಮೇಲೆ ಮನೆಗಳು, ಗುಡಿಯ ಬಳಿ ಕೊಳ, ಕೆರೆಯ ಕೆಳಗೆ ಗದ್ದೆ. ಒಂದು ಕೆರೆ ಕೋಡಿಬಿದ್ದರೆ ನೀರು ಮುಂದಿನ ಕೆರೆಗೆ. (ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ, ತಮಿಳಿನಲ್ಲಿ ಕೆರೆಯೇ ಏರಿ!) ಹೊಸ ಬಡಾವಣೆಗಳು ಈ ಕ್ರಮವನ್ನು ಅಳಿಸಿದರೂ ಅದರ ಗುರುತುಗಳನ್ನು ಉಳಿಸಿವೆ. ವಿಶಾಲವಾದ ಮಾಂಬಲಂ ಕೆರೆಯನ್ನು 1920ರ ದಶಕದಲ್ಲಿ ಬತ್ತಿಸಿ ತ್ಯಾಗರಾಯನಗರವನ್ನು ನಿರ್ಮಿಸಲಾಯಿತು. ಪಶ್ಚಿಮ ಮಾಂಬಲದಲ್ಲಿ 'ಲೇಕ್ ವ್ಯೂ' ರಸ್ತೆ ಇಂದಿಗೂ ಇದೆ. ನೋಡಲು ಲೇಕ್ ಇಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದ ಕಥೆಯೂ ಇದೇ.

ಆದರೆ ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. ಹಳ್ಳಿಗಳ ಹೆಚ್ಚುವರಿ ನೀರನ್ನು ಕೂವಂ ನದಿಗೆ ಒಯ್ಯುವ ವಿರುಗಂಬಾಕ್ಕಂ–ಅರುಂಬಾಕ್ಕಂ ಕಾಲುವೆ ಕಿರಿದಾದಷ್ಟೂ ಮಳೆನೀರು ಬೀದಿಯಲ್ಲಿ ನಿಲ್ಲುವುದು. 2015ರ ಡಿಸೆಂಬರಿನ ಪ್ರವಾಹ ನಗರದ ತಗ್ಗುಗಳನ್ನೆಲ್ಲ ತೋರಿಸಿಕೊಟ್ಟಿತು. ನಿಂತ ನೀರಿಗೆ ಚರಂಡಿಯ ನೀರು ಬೆರೆತಾಗ ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರ, ಇಲಿಜ್ವರಗಳ ಭೀತಿ ಉಂಟಾಗುತ್ತದೆ.

ಹಾಗೆಂದು ಹಳೆಯ ವಿನ್ಯಾಸವೆಲ್ಲ ನಿರ್ದೋಷವೆನ್ನಲಾಗದು. ನೈಜೀರಿಯದ ಹೌಸಾ ಜನರ ಕಾನೋ ನಗರದಲ್ಲಿ ಮಣ್ಣಿನ ಮನೆಗಳಿಗಾಗಿ ಅಗೆದ ಹೊಂಡಗಳು ಮಳೆನೀರನ್ನು ಹಿಡಿದವು, ಸೊಳ್ಳೆಗಳನ್ನೂ ಸಾಕಿದವು. ಕೆರೆ ಮುಚ್ಚಿದರೆ ಸೊಳ್ಳೆ ಹೋಗುವುದೆಂಬ ನಂಬಿಕೆಯಾದರೂ ತಪ್ಪು. ಚೆನ್ನೈಯ ಮಲೇರಿಯಕ್ಕೆ ಮುಖ್ಯ ಕಾರಣವಾದ ಅನಾಫಿಲಿಸ್ ಸ್ಟೀಫೆನ್ಸಿ ಜಾತಿ ಬಾವಿಗಳಲ್ಲಿಯೂ ಮಹಡಿಯ ಮೇಲಿನ ತೊಟ್ಟಿಗಳಲ್ಲಿಯೂ ಬೆಳೆಯುವುದು. ಡೆಂಗೆ ಹರಡುವ ಸೊಳ್ಳೆಗೆ ಹೂಕುಂಡದ ತಟ್ಟೆಯ ನೀರೇ ಸಾಕು.

ತಮಿಳುನಾಡಿನಲ್ಲಿ ಕಟ್ಟಡಗಳಿಗೆ ಮಳೆನೀರಿನ ಕೊಯ್ಲು ಕಡ್ಡಾಯವಾದುದು 2003ರಲ್ಲಿ. ಕೊಳ ಮಾಡುತ್ತಿದ್ದ ಅಂತರ್ಜಲ ತುಂಬುವ ಕೆಲಸವನ್ನು ಈಗ ಪ್ರತಿ ಮನೆಯ ಇಂಗುಗುಂಡಿ ಮಾಡಬೇಕಾಗಿದೆ. ಗುಂಡಿಯ ಮರಳಿನಲ್ಲಿ ಹೂಳು ಕಟ್ಟಿದರೆ ಅದೂ ಸೊಳ್ಳೆಯ ತೊಟ್ಟಿಲಾಗುವುದು; ಆದುದರಿಂದ ಮಳೆಗಾಲಕ್ಕೆ ಮುನ್ನ ಮರಳನ್ನು ತೆಗೆದು ತೊಳೆಯಬೇಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು-ಹತ್ತು ದಿನ ಸಾಕಾದುದರಿಂದ ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದುಮಾಡಿ, ಉಜ್ಜಿ, ಒಣಗಿಸಿ ಬಿಗಿಯಾಗಿ ಮುಚ್ಚುವುದು ಅವಶ್ಯ.