ಹಬ್ಬ ಮುಗಿಯಿತು, ಹೊಲದ ಮೂಲೆ ಉಳಿದಿದೆ

ವಾಕ್ಯಭಾಗ: ಯಾಜಕಕಾಂಡ 23:15-22, ಅಪೊಸ್ತಲರ ಕೃತ್ಯಗಳು 20:17-38



ಈ ವರ್ಷದಿಂದ ನಮ್ಮ ಸಭೆಯ ಸುಗ್ಗಿ ಹಬ್ಬ ಇರೋದಿಲ್ಲ ಅಂತ ಹೋದ ಭಾನುವಾರ ಹಿರಿಯರು ತಿಳಿಸಿದರು. ಶಾಮಿಯಾನ ಕಟ್ಟೋದರಿಂದ ಹಿಡಿದು ಕುಂಬಳಕಾಯಿ ಹರಾಜು ಕೂಗೋವರೆಗೆ ಎಲ್ಲವನ್ನೂ ನೀವೇ ಮಾಡಿದಿರಿ. ಯಾರೂ ಒಂದು ರೂಪಾಯಿ ತಗೊಳ್ಳಲಿಲ್ಲ. ಈಗ ಕೆಲವರಿಗೆ ನೈಟ್ ಶಿಫ್ಟ್, ಕೆಲವರು ಬೇರೆ ಊರು ಸೇರಿದರು. ಉಳಿದ ಏಳೆಂಟು ಜನರ ಮೇಲೆ ಅಷ್ಟೂ ಭಾರ ಹಾಕೋದು ನ್ಯಾಯವಲ್ಲ. ಆದರೂ ಒಬ್ಬ ತಂಗಿ ನನ್ನನ್ನು ಕೇಳಿದಳು: "ಬ್ರದರ್, ಹಬ್ಬ ನಿಲ್ಲಿಸಿದ್ರೆ ಆತ್ಮಿಕವಾಗಿ ಹಿಂದೆ ಬಿದ್ದ ಹಾಗಲ್ವಾ?" ವಾಕ್ಯ ಏನು ಹೇಳುತ್ತದೆ ನೋಡೋಣ.

1. ಪೆಂತೆಕೊಸ್ತೂ ಸುಗ್ಗಿ ಹಬ್ಬವೇ

ಇಸ್ರಾಯೇಲ್ಯರು ಪ್ರಥಮಫಲದ ಸಿವುಡನ್ನು ಅರ್ಪಿಸಿ, ಐವತ್ತು ದಿನ ಎಣಿಸಿ, ಹೊಸ ಧಾನ್ಯದ ಎರಡು ರೊಟ್ಟಿ ತರಬೇಕಿತ್ತು. ಆ ಐವತ್ತನೇ ದಿನವೇ ಪೆಂತೆಕೊಸ್ತು. ನಮ್ಮ ಹೆಸರೇ ಸುಗ್ಗಿಯಿಂದ ಬಂದದ್ದು! ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಆ ರೊಟ್ಟಿಗಳ ಅರ್ಪಣೆ ನಿಂತುಹೋಯಿತು. ಆದರೆ ಅದೇ ಹಬ್ಬದ ದಿನ ಇಳಿದುಬಂದ ಪವಿತ್ರಾತ್ಮನು ಸಭೆಯನ್ನು ಬಿಟ್ಟು ಹೋದನೋ? ಇಲ್ಲ. ಒಂದು ಕಾರ್ಯಕ್ರಮ ನಿಂತರೆ ದೇವರ ಕೆಲಸ ನಿಲ್ಲೋದಿಲ್ಲ.

2. ಹಬ್ಬದ ಬೆನ್ನಿಗೇ ಹೊಲದ ಮೂಲೆ

22ನೇ ವಚನ ಗಮನಿಸಿ. ಹಬ್ಬದ ನಿಯಮ ಮುಗಿದ ಕೂಡಲೇ ದೇವರು ಹೊಲದ ವಿಷಯ ಮಾತಾಡುತ್ತಾರೆ: ಮೂಲೆಯನ್ನು ಪೂರ್ತಿ ಕೊಯ್ಯಬೇಡಿ, ಹಕ್ಕಲಾಯಬೇಡಿ, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ. ಹಬ್ಬಕ್ಕೆ ಒಂದೇ ದಿನ, ಮೂಲೆಗೆ ಸುಗ್ಗಿಕಾಲ ಪೂರ್ತಿ. ರೂತಳು ಬೋವಜನ ಹೊಲಕ್ಕೆ ಬಂದದ್ದು ಸಂಭ್ರಮ ನೋಡೋಕಲ್ಲ, ತನ್ನ ಮತ್ತು ಅತ್ತೆಯ ಹೊಟ್ಟೆಗಾಗಿ. ಯೆಹೂದ್ಯರು ಇಂದಿಗೂ ಈ ಹಬ್ಬದಲ್ಲಿ ರೂತಳ ಪುಸ್ತಕ ಓದುತ್ತಾರೆ.

ನಮ್ಮ ಹರಾಜಿನ ದುಡ್ಡಲ್ಲಿ ಕೆಲವು ವಿಧವೆಯರ ಮನೆಗೆ ರೇಷನ್ ಹೋಗುತ್ತಿತ್ತು. ಸ್ಟೇಜ್ ಇಲ್ಲದಿದ್ದರೆ ನಡೆಯುತ್ತೆ, ಆ ಅಕ್ಕಿ ಚೀಲ ನಿಂತರೆ ಅವರ ಒಲೆ ಉರಿಯೋದು ಕಷ್ಟ. ನಮ್ಮ ಪರೀಕ್ಷೆ ಅಲ್ಲಿದೆ. ನಿಮಗೆ ಹೊಲ ಇಲ್ಲ, ಸಂಬಳ ಇದೆ. ಅದರ ಮೂಲೆ ಯಾವುದು? ಪೂರ್ತಿ ಖರ್ಚು ಮಾಡಿದ ಮೇಲೆ ಉಳಿದದ್ದು ಮೂಲೆಯಲ್ಲ. ಕೊಯ್ಯುವ ಮೊದಲೇ ಬಿಟ್ಟದ್ದು ಮೂಲೆ.

3. ಬೀಳ್ಕೊಡುವುದೂ ಸೇವೆ

ಪೌಲನು ಎಫೆಸದಲ್ಲಿ ಮೂರು ವರ್ಷ ಸೇವೆ ಮಾಡಿದ್ದನು. ಮಿಲೇತದಲ್ಲಿ ಆ ಸಭೆಯ ಹಿರಿಯರನ್ನು ಕರೆಸಿ, ತಾನು ಯಾರ ಬೆಳ್ಳಿಬಂಗಾರಕ್ಕೂ ಆಸೆಪಡಲಿಲ್ಲ ಅಂತ ಬಿಚ್ಚಿ ಹೇಳಿದನು, ಹಿಂಡನ್ನು ಅವರಿಗೆ ಒಪ್ಪಿಸಿದನು. ಆಮೇಲೆ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿ, ಅತ್ತು, ಹಡಗಿನವರೆಗೆ ಹೋಗಿ ಕಳುಹಿಸಿದರು. ಅಳೋದು ಅವಿಶ್ವಾಸ ಅಲ್ಲ ಪ್ರಿಯರೇ. ಆದರೆ ಒಪ್ಪಿಸದೆ ಎದ್ದುಹೋಗೋದು ಸರಿಯಲ್ಲ.

ಹಾಗಾದರೆ ಈ ತಿಂಗಳು ನಾವು ಮೂರು ಕೆಲಸ ಮಾಡೋಣ. ಹಬ್ಬದ ಉಳಿಕೆ ಹಣದ ಲೆಕ್ಕವನ್ನು ಸಭೆಯ ಮುಂದೆ ಓದೋಣ. ಅಡುಗೆ ಮಾಡಿದ, ಪಾತ್ರೆ ತೊಳೆದ ಪ್ರತಿಯೊಬ್ಬರಿಗೂ ಹೆಸರು ಹಿಡಿದು ವಂದನೆ ಹೇಳೋಣ. ರೇಷನ್ ಮನೆಗಳ ಪಟ್ಟಿಯನ್ನು ಹಂಚಿಕೊಳ್ಳೋಣ, ಒಂದು ಮನೆಗೆ ಇಬ್ಬರು. ನಾನೂ ಒಂದು ಮನೆ ತಗೊಳ್ತೇನೆ.

ಪ್ರಾರ್ಥನೆ: ಕರ್ತನೇ, ಇಷ್ಟು ವರ್ಷದ ಸುಗ್ಗಿಗಾಗಿ ಸ್ತೋತ್ರ. ದಣಿದವರಿಗೆ ವಿಶ್ರಾಂತಿ ಕೊಡು. ನಮ್ಮ ಹೊಲದ ಮೂಲೆಯನ್ನು ನಾವೇ ಕೊಯ್ದುಕೊಳ್ಳದಂತೆ ನಮ್ಮನ್ನು ಕಾಯಿ. ಯೇಸುವಿನ ನಾಮದಲ್ಲಿ, ಆಮೆನ್.