ಕಳೆದ ವರ್ಷದ ಖತಾವಣಿ: ಪ್ರತಿಕ್ರಮಣ ಮತ್ತು ಪ್ರತ್ಯಾಖ್ಯಾನ

ಆಶ್ವಯುಜ ಅಮಾವಾಸ್ಯೆಯ ಪ್ರಾತಃಕಾಲದಲ್ಲಿ ಭಗವಾನ್ ಮಹಾವೀರ ಸ್ವಾಮಿಯ ನಿರ್ವಾಣ ಪೂಜೆ ನೆರವೇರಿ, ಮರುದಿನ ಕಾರ್ತಿಕ ಶುಕ್ಲ ಪ್ರತಿಪದೆಯಿಂದ ವೀರ ನಿರ್ವಾಣ ಸಂವತ್ಸರವು ಆರಂಭವಾಗುತ್ತದೆ. ಅದೇ ದೀಪಾವಳಿಯಲ್ಲಿ ಸೊಲ್ಲಾಪುರ, ಅಕ್ಕಲಕೋಟದ ಪೇಟೆಗಳಲ್ಲಿ ಹೊಸ ಲೆಕ್ಕದ ಪುಸ್ತಕಗಳ ಪೂಜೆ ನಡೆಯುತ್ತದೆ. ಗುಜರಾತಿ ಮನೆಗಳಲ್ಲಿ ಇದು ಚೋಪಡಾ ಪೂಜನ, ಮರಾಠಿ ಮನೆಗಳಲ್ಲಿ ವಹಿಪೂಜನ. ಸರಕಾರದ ವರ್ಷ ಮಾರ್ಚ್ ೩೧ಕ್ಕೆ ಮುಗಿಯುತ್ತದೆ, ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿದೆ. ಆದರೂ ಕೆಂಪು ಬಟ್ಟೆಯ ವಹಿಗೆ ಕುಂಕುಮ ಹಚ್ಚುವ ರೂಢಿ ನಿಂತಿಲ್ಲ.

ಈ ಲೆಕ್ಕದಲ್ಲಿ ವ್ಯಾಪಾರಿಯು ಮೋಸಹೋಗುವುದಿಲ್ಲ. ದಿನದ ಕೀರ್ದಿಯಿಂದ ಖತಾವಣಿಗೆ ಎತ್ತಿ, ಯಾರ ಹೆಸರಿನಲ್ಲಿ ಎಷ್ಟು ಉದ್ರಿ, ಕೈಯಲ್ಲಿ ಎಷ್ಟು ಶಿಲ್ಕು ಎಂಬುದನ್ನು ಅವನು ನಿದ್ದೆಯಲ್ಲಿಯೂ ಹೇಳಬಲ್ಲನು. ಮೂರು ವರ್ಷಗಳ ಹಿಂದೆ ಬರಬೇಕಾದ ಬಾಕಿಯೂ ನೆನಪಿನಲ್ಲಿರುತ್ತದೆ. ಆದರೆ ಕಳೆದ ವರ್ಷ ಯಾರ ಮನಸ್ಸನ್ನು ನೋಯಿಸಿದಿರಿ, ತೆಗೆದುಕೊಂಡ ಯಾವ ವ್ರತವನ್ನು ನಡುವೆ ಕೈಬಿಟ್ಟಿರಿ ಎಂದು ಕೇಳಿದರೆ ಅವನಿಗೆ ಉತ್ತರ ತೋಚುವುದಿಲ್ಲ. ಈ ಬಾಬಿಗೆ ಅವನಲ್ಲಿ ಕೀರ್ದಿಯೇ ಇಲ್ಲ.

ಆಚಾರ್ಯರು ಈ ಕೀರ್ದಿಯನ್ನು ಎಂದೋ ಹಾಕಿಕೊಟ್ಟಿದ್ದಾರೆ. ಅದರ ಹೆಸರು ಪ್ರತಿಕ್ರಮಣ, ಎಂದರೆ ಮೀರಿ ಹೋದಲ್ಲಿಂದ ಹಿಂದಿರುಗಿ ಬರುವುದು. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಮೂರು ಕಾಲಗಳಿಗೆ ಮೂರು ಕ್ರಿಯೆಗಳನ್ನು ವಿಂಗಡಿಸಿದ್ದಾರೆ: ಗತಕಾಲದ ದೋಷಕ್ಕೆ ಪ್ರತಿಕ್ರಮಣ, ವರ್ತಮಾನದ ದೋಷಕ್ಕೆ ಆಲೋಚನಾ, ಮುಂದೆ ಬರಬಹುದಾದ ದೋಷಕ್ಕೆ ಪ್ರತ್ಯಾಖ್ಯಾನ. ಕನ್ನಡದಲ್ಲಿ ಆಲೋಚನೆ ಎಂದರೆ ಯೋಚನೆ ಎಂದು ಅರ್ಥವಾದರೂ, ಆಗಮದಲ್ಲಿ ಆಲೋಚನಾ ಎಂದರೆ ತನ್ನ ದೋಷವನ್ನು ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಸುವುದು. ವಟ್ಟಕೇರಾಚಾರ್ಯರ ಮೂಲಾಚಾರವು ದೈವಸಿಕ, ರಾತ್ರಿಕ, ಐರ್ಯಾಪಥಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ, ಉತ್ತಮಾರ್ಥ ಎಂದು ಪ್ರತಿಕ್ರಮಣದ ಏಳು ಭೇದಗಳನ್ನು ಹೇಳುತ್ತದೆ. ಶ್ವೇತಾಂಬರ ಬಂಧುಗಳು ರಾಈ, ದೇವಸೀ, ಪಕ್ಖೀ, ಚೌಮಾಸೀ, ಸಂವತ್ಸರೀ ಎಂದು ಐದನ್ನು ಆಚರಿಸುತ್ತಾರೆ. ದಿನದ ಲೆಕ್ಕ ದಿನಕ್ಕೆ, ಪಕ್ಷದ್ದು ಪಕ್ಷಕ್ಕೆ, ವರ್ಷದ್ದು ವರ್ಷಕ್ಕೆ. ವ್ಯಾಪಾರಿಗೆ ಈ ಕ್ರಮ ಹೊಸದಲ್ಲ.

ನಡುವಿನ ಇಪ್ಪತ್ತೆರಡು ತೀರ್ಥಂಕರರ ಕಾಲದ ಶಿಷ್ಯರು ದೋಷ ಘಟಿಸಿದಾಗ ಮಾತ್ರ ಪ್ರತಿಕ್ರಮಣ ಮಾಡುತ್ತಿದ್ದರು. ಆದಿ ತೀರ್ಥಂಕರರ ಮತ್ತು ಅಂತಿಮ ತೀರ್ಥಂಕರರ ಶಿಷ್ಯರಿಗಾದರೋ ದೋಷವಿರಲಿ ಇಲ್ಲದಿರಲಿ ಅದು ನಿತ್ಯವಿಧಿ ಎಂದು ಮೂಲಾಚಾರ ತಿಳಿಸುತ್ತದೆ. ಇಂದಿನವರು ಅಂತಿಮ ತೀರ್ಥಂಕರರ ಶಾಸನದವರು. "ತಪ್ಪು ಮಾಡಿದಾಗ ನೋಡೋಣ" ಎನ್ನುವ ಸವಲತ್ತು ಅವರಿಗಿಲ್ಲ.

ಲೆಕ್ಕ ಬರೆಯುವಾಗಲೇ ಕಳ್ಳತನ ನುಸುಳುವುದನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಆಲೋಚನೆಯ ಹತ್ತು ದೋಷಗಳ ವಿವರಣೆಯಿದೆ. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ಮೂಲವೂ ಈ ಗ್ರಂಥದ ಗಾಹೆಗಳಲ್ಲಿಯೇ ಇದೆ. ಇತರರು ಕಣ್ಣಾರೆ ಕಂಡ ತಪ್ಪನ್ನಷ್ಟೇ ಹೇಳಿ ಕಾಣದ್ದನ್ನು ನುಂಗುವುದು 'ದೃಷ್ಟ' ದೋಷ. ಚಿಕ್ಕ ತಪ್ಪನ್ನು ಬಹಳ ಪಶ್ಚಾತ್ತಾಪದಿಂದ ಹೇಳಿ ದೊಡ್ಡದನ್ನು ಅಡಗಿಸುವುದು 'ಸೂಕ್ಷ್ಮ'. "ಒಬ್ಬನು ಇಂತಹ ತಪ್ಪು ಮಾಡಿದರೆ ಪ್ರಾಯಶ್ಚಿತ್ತವೇನು" ಎಂದು ಬೇರೆಯವರ ಹೆಸರಿನಲ್ಲಿ ಕೇಳಿ ತಿಳಿದುಕೊಳ್ಳುವುದು 'ಛನ್ನ'. ಗದ್ದಲದಲ್ಲಿ ಗುರುವಿಗೆ ಕೇಳಿಸದಂತೆ ಹೇಳಿ ಮುಗಿಸುವುದು 'ಶಬ್ದಾಕುಲಿತ'. ತನ್ನಂತೆಯೇ ತಪ್ಪು ಮಾಡಿದವನ ಬಳಿ ಹೇಳಿಕೊಳ್ಳುವುದು 'ತತ್ಸೇವೀ', ಅವನು ಗದರಿಸಲಾರನಷ್ಟೆ. ಇವು ಮುನಿಗಳಿಗಾಗಿ ಬರೆದ ಮಾತುಗಳಾದರೂ ಅಂಗಡಿಯ ಗಾದಿಯ ಮೇಲೆ ಕುಳಿತು ಓದಿದರೆ ಮೈ ಜುಮ್ಮೆನ್ನುತ್ತದೆ.

ಕ್ಷಮಾವಾಣಿಯನ್ನೇ ನೋಡಬಹುದು. ಪರ್ಯುಷಣ ಮುಗಿದೊಡನೆ "ಉತ್ತಮ ಕ್ಷಮಾ" ಎಂದೂ "ಮಿಚ್ಛಾಮಿ ದುಕ್ಕಡಂ" ಎಂದೂ ಮುದ್ರಿತ ಪತ್ರಗಳು, ಈಚೆಗೆ ಮೊಬೈಲ್ ಸಂದೇಶಗಳು ನೂರಾರು ಜನರಿಗೆ ಹೋಗುತ್ತವೆ. ಅವರಲ್ಲಿ ಬಹುಮಂದಿಗೆ ಕಳುಹಿಸಿದವನಿಂದ ಯಾವ ನೋವೂ ಆಗಿರುವುದಿಲ್ಲ. ಗೋಡೆಯಾಚೆ ವಾಸಿಸುವ ಸ್ವಂತ ತಮ್ಮನಿಗೆ ಮಾತ್ರ ಸಂದೇಶವಿಲ್ಲ; ಹೊಲದ ಬದುವಿನಿಂದಲೋ ಅಂಗಡಿಯ ಪಾಲಿನಿಂದಲೋ ಮಾತು ನಿಂತಿರುತ್ತದೆ. ಬಸದಿಯ ಒಂದೇ ಸಾಲಿನಲ್ಲಿ ಇಬ್ಬರೂ ಅರ್ಘ್ಯ ಹಿಡಿದು ನಿಲ್ಲುತ್ತಾರೆ, ಮುಖ ನೋಡುವುದಿಲ್ಲ. ಅವರ ಮಕ್ಕಳು ಕಾಕಾ, ದೊಡ್ಡಪ್ಪ ಎಂದು ಕರೆಯುವುದನ್ನೇ ಮರೆತಿರುತ್ತಾರೆ. ಐನೂರು ಪತ್ರಗಳ ಖರ್ಚಿನಲ್ಲಿ ಆ ಒಂದು ಓಣಿಯನ್ನು ದಾಟಬಹುದಿತ್ತು. ಹಿರಿಯನೇ ಮೊದಲು ಹೋದರೆ ಮಾನ ಹೋಗುವುದೆಂದು ಯಾವ ಆಗಮವೂ ಹೇಳಿಲ್ಲ.

ವ್ಯಾಪಾರಕ್ಕೆ ಸಂಬಂಧಿಸಿದ ಪುಟವೂ ಇದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಕಳ್ಳತನಕ್ಕೆ ಪ್ರೇರಣೆ, ಕಳವಿನ ಮಾಲಿನ ಖರೀದಿ, ರಾಜ್ಯದ ಕಟ್ಟಳೆಯ ಉಲ್ಲಂಘನೆ, ತೂಕ-ಅಳತೆಯಲ್ಲಿ ಹೆಚ್ಚುಕಡಿಮೆ, ಕಲಬೆರಕೆ ಎಂದು ಹೆಸರಿಸುತ್ತದೆ. ಬಿಲ್ಲಿಲ್ಲದ ಮಾಲು ಇವುಗಳಲ್ಲಿ ಎಲ್ಲಿ ಬರುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಹಿಂದಿನದನ್ನು ನೋಡಿ ಮುಂದಿನದನ್ನು ನಿಶ್ಚಯಿಸುವುದಕ್ಕೆ ಸೊಲ್ಲಾಪುರದಲ್ಲಿಯೇ ಉಜ್ವಲ ನಿದರ್ಶನವಿದೆ. ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ಸಂಸಾರದಿಂದ ಉದಾಸೀನರಾಗಿದ್ದು, ೧೯೪೦ರಲ್ಲಿ ತಮ್ಮ ನ್ಯಾಯಾರ್ಜಿತ ಸಂಪತ್ತನ್ನು ಧರ್ಮ-ಸಮಾಜದ ಉನ್ನತಿಗೆ ವಿನಿಯೋಗಿಸಬೇಕೆಂದು ಪ್ರಬಲವಾಗಿ ಇಚ್ಛಿಸಿದರು. ಹಣವಿದ್ದವರು ತಕ್ಷಣ ಶಿಲಾಫಲಕ ಕೆತ್ತಿಸುವುದುಂಟು. ಇವರು ಹಾಗೆ ಮಾಡದೆ ದೇಶ ಸಂಚರಿಸಿ ಜೈನ ವಿದ್ವಾಂಸರನ್ನು ಕಂಡು, ಬಾಯಿಮಾತಿನಿಂದಲೂ ಬರವಣಿಗೆಯಿಂದಲೂ ಅಭಿಪ್ರಾಯಗಳನ್ನು ಸಂಗ್ರಹಿಸಿದರು. ೧೯೪೧ರ ಬೇಸಿಗೆಯಲ್ಲಿ ನಾಸಿಕದ ಗಜಪಂಥಾ ಕ್ಷೇತ್ರದಲ್ಲಿ ವಿದ್ವಾಂಸರ ಸಭೆ ಕೂಡಿಸಿ, ಜೈನ ಸಂಸ್ಕೃತಿ ಸಂರಕ್ಷಕ ಸಂಘವನ್ನು ಸ್ಥಾಪಿಸಿ ೩೦,೦೦೦ ರೂಪಾಯಿಗಳ ದಾನ ಘೋಷಿಸಿದರು. ೧೯೪೪ರಲ್ಲಿ ಸುಮಾರು ಎರಡು ಲಕ್ಷ ರೂಪಾಯಿಗಳ ಸಂಪೂರ್ಣ ಆಸ್ತಿಯನ್ನು ಟ್ರಸ್ಟ್ ರೂಪದಲ್ಲಿ ಸಂಘಕ್ಕೆ ಒಪ್ಪಿಸಿದರು. ಅವರ ಹೆಸರಿನ ಗ್ರಂಥಮಾಲೆಯ ಮೊದಲ ಗ್ರಂಥ ತಿಲೋಯಪಣ್ಣತ್ತಿಯನ್ನು ಸಂಪಾದಿಸಿದವರಲ್ಲಿ ಸದಲಗಾದ ಕನ್ನಡಿಗ ಡಾ. ಆ. ನೇ. ಉಪಾಧ್ಯೆ ಒಬ್ಬರು, ಹಿಂದಿ ವಿದ್ವಾಂಸ ಡಾ. ಹೀರಾಲಾಲ ಜೈನ ಮತ್ತೊಬ್ಬರು. ಭಗವತೀ ಆರಾಧನೆಯೂ ಇದೇ ಗ್ರಂಥಮಾಲೆಯಲ್ಲಿ ಬೆಳಕು ಕಂಡಿದೆ. ೧೯೫೭ರ ಜನವರಿ ೧೬ರಂದು ದೋಶಿಯವರು ಸಮಾಧಿಮರಣ ಸಾಧಿಸಿದರು.

ಗೃಹಸ್ಥನಿಗೆ ಒಂದೇ ದಿನದಲ್ಲಿ ಸರ್ವಸ್ವತ್ಯಾಗ ಸಾಧ್ಯವಿಲ್ಲ, ಶಾಸ್ತ್ರವೂ ಅದನ್ನು ಕೇಳುವುದಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ, ಅವಧಿಯುಳ್ಳ ತ್ಯಾಗವನ್ನು ನಿಯಮವೆಂದೂ ಕರೆದು, ಇಂದು, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಅವಧಿಗಳನ್ನೂ ತಿಳಿಸಿದೆ. ಹಿಂದಿನ ವರ್ಷ ರಾತ್ರಿಭೋಜನ ತ್ಯಾಗವನ್ನು ಇಡೀ ವರ್ಷಕ್ಕೆ ಹಿಡಿದು ಹದಿನೈದೇ ದಿನಗಳಲ್ಲಿ ಮುರಿದವನು ಈ ಬಾರಿ ಒಂದು ಪಕ್ಷಕ್ಕೆ ಹಿಡಿದು ಪೂರೈಸಲಿ, ಬಳಿಕ ಮಾಸಕ್ಕೆ ವಿಸ್ತರಿಸಲಿ. ಸಾಲ ಕೊಡುವವನು ಅಸಲಿಗಷ್ಟೇ ಕಾಗದ ನೋಡುತ್ತಾನೆ; ವ್ರತ ಹಿಡಿಯುವವನು ತನ್ನ ಶಕ್ತಿಯನ್ನೂ ನೋಡಬೇಕು.

ಪಾಠದ ಭಾಷೆಯದೂ ಒಂದು ತೊಡಕು. ಅಕ್ಕಲಕೋಟದ ಮನೆಗಳಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಮರಾಠಿ, ನೆಂಟರಲ್ಲಿ ಕೆಲವರದು ಗುಜರಾತಿ ಅಥವಾ ಹಿಂದಿ. ಪ್ರತಿಕ್ರಮಣ ಪಾಠವು ಪ್ರಾಕೃತ. ಪಾಠವನ್ನು ಪಾಠವಾಗಿಯೇ ಪಠಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯೋತ್ಸರ್ಗದ ಬಳಿಕ ಮನೆಯ ಹಿರಿಯರು ಮನೆಯ ಭಾಷೆಯಲ್ಲಿ, ಮಕ್ಕಳಿಗೆ ಕೇಳಿಸುವಂತೆ, ತಮ್ಮ ಒಂದು ತಪ್ಪನ್ನು ಹೆಸರಿಟ್ಟು ಹೇಳಿದರೆ ಶಬ್ದಾಕುಲಿತ ದೋಷ ತಗುಲದು. ಈ ಸಾರಿ ಹೊಸ ವಹಿಯ ಪೂಜೆಯಾದ ಮೇಲೆ ಕೊನೆಯ ಪುಟದಲ್ಲಿ ಹಿಡಿದ ನಿಯಮ, ಅದರ ಅವಧಿ, ಭೇಟಿಯಾಗಬೇಕಾದ ಒಬ್ಬರ ಹೆಸರು ಇಷ್ಟನ್ನು ಬರೆದಿಡಬಹುದು. ಮುಂದಿನ ಭಾದ್ರಪದದಲ್ಲಿ ತೆರೆದು ನೋಡುವುದಕ್ಕೆ ಅದು ಅಲ್ಲಿಯೇ ಇರುತ್ತದೆ.