ಇಂಗ್ಲಿಷ್ ವ್ಯಾಕರಣದ ಅಭ್ಯಾಸ: ನಮ್ಮ ಮಕ್ಕಳು ಎಡವುವ ಎಡೆಗಳು

ಎಸ್.ಎಸ್.ಎಲ್.ಸಿ. ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದಿದ ಶಿಕ್ಷಕರಿಗೆಲ್ಲ ಒಂದು ಸಂಗತಿ ಅನುಭವಕ್ಕೆ ಬಂದಿರುತ್ತದೆ. ಮನಗೂಳಿಯ ವಿದ್ಯಾರ್ಥಿ ಎಡವಿದಲ್ಲಿಯೇ ಇಂಡಿಯ ವಿದ್ಯಾರ್ಥಿನಿಯೂ ಎಡವುತ್ತಾಳೆ. ಸಿಂದಗಿ, ಮುದ್ದೇಬಿಹಾಳಗಳ ಮಕ್ಕಳ ತಪ್ಪುಗಳೂ ಅವೇ. ಕೇವಲ ಅಲಕ್ಷ್ಯದಿಂದ ಆದ ತಪ್ಪುಗಳಾಗಿದ್ದರೆ ಅವು ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರಬೇಕಿತ್ತು. ಹಾಗಿಲ್ಲದಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಮಕ್ಕಳು ಕನ್ನಡದಲ್ಲಿ ವಿಚಾರ ಮಾಡಿ, ಕನ್ನಡದ ಕಟ್ಟಿನೊಳಗೆ ಇಂಗ್ಲಿಷ್ ಶಬ್ದಗಳನ್ನು ಕೂಡಿಸುತ್ತಾರೆ. ಆದುದರಿಂದ ಇವು ದಡ್ಡತನದ ಗುರುತುಗಳಲ್ಲ. ತಾಯ್ನುಡಿ ಬಲವಾಗಿ ಬೇರೂರಿರುವುದರ ಗುರುತುಗಳು. ಇದನ್ನರಿತು ಕಲಿಸಿದರೆ ತಿದ್ದುವುದು ಸುಲಭ. ಅರಿಯದೆ ಗದರಿಸಿದರೆ ಮಗು ಇಂಗ್ಲಿಷಿಗೆ ಅಂಜಿ, ಆ ಒಂದು ವಿಷಯದ ಸಲುವಾಗಿ ಶಾಲೆಯನ್ನೇ ಬಿಡುವ ಪ್ರಸಂಗವೂ ಬರುತ್ತದೆ.

ನಮ್ಮ ರಾಜ್ಯದಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ವರ್ಷಗಳು ಹೆಚ್ಚಾದವು, ಎಡವುವ ಎಡೆಗಳು ಮಾತ್ರ ಬದಲಾಗಿಲ್ಲ. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ಪರಿಶೀಲಿಸೋಣ.

ವಾಕ್ಯದ ಕಟ್ಟು

ಕನ್ನಡದಲ್ಲಿ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ಇಂಗ್ಲಿಷಿನಲ್ಲಿ ಕ್ರಿಯಾಪದವು ನಡುವೆ ಬರುತ್ತದೆ. ನಮ್ಮ ವಿಭಕ್ತಿ ಪ್ರತ್ಯಯವು ನಾಮಪದದ ಹಿಂದೆ ಅಂಟಿಕೊಂಡರೆ, ಅವರಲ್ಲಿ ಅದೇ ಕೆಲಸವನ್ನು ಮಾಡುವ ಪದವು ನಾಮಪದಕ್ಕಿಂತ ಮೊದಲು ಬರುತ್ತದೆ. ‘ಶಾಲೆಗೆ’ ಎಂಬುದು ‘ಟು ಸ್ಕೂಲ್’ ಆಗುತ್ತದೆ. ಈ ಅದಲುಬದಲನ್ನು ಕಪ್ಪುಹಲಗೆಯ ಮೇಲೆ ಎರಡು ಸಾಲುಗಳಲ್ಲಿ ಬರೆದು, ಗೆರೆಯೆಳೆದು ತೋರಿಸಿದರೆ ಮಗುವಿಗೆ ಒಮ್ಮೆಗೇ ತಿಳಿಯುತ್ತದೆ.

‘ಅವನು ಶಿಕ್ಷಕ’ ಎಂಬುದು ಕನ್ನಡದಲ್ಲಿ ಪೂರ್ಣ ವಾಕ್ಯ. ಆದ್ದರಿಂದಲೇ ಮಗು ‘ಹಿ ಟೀಚರ್’ ಎಂದು ಬರೆಯುತ್ತದೆ. ಇಂಗ್ಲಿಷಿಗೆ ‘ಈಸ್’ ಬೇಕು, ‘ಎ’ ಕೂಡ ಬೇಕು. ಈ ‘ಎ’, ‘ಆ್ಯನ್’, ‘ದಿ’ಗಳಿಗೆ ಕನ್ನಡದಲ್ಲಿ ಸಮನಾದ ಪದಗಳಿಲ್ಲ, ಹೀಗಾಗಿ ಅವು ಕೈಬಿಡುವುದು ಸಹಜ. ಸ್ವರಾಕ್ಷರದ ಮುಂದೆ ‘ಆ್ಯನ್’ ಎಂದು ಕಲಿಸುವ ರೂಢಿಯುಂಟು. ನಿಜವಾಗಿ ನೋಡಬೇಕಾದುದು ಅಕ್ಷರವನ್ನಲ್ಲ, ಉಚ್ಚಾರವನ್ನು. ‘ಆ್ಯನ್ ಅವರ್’ ಸರಿ. ‘ಎ ಯುನಿವರ್ಸಿಟಿ’ ಸರಿ. ಇಂಗ್ಲಿಷಿನ ಈ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿದರೆ ಮೊದಲ ಧ್ವನಿ ಸ್ವರವೋ ವ್ಯಂಜನವೋ ಎಂಬುದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

‘ನನಗೆ ಇಬ್ಬರು ತಮ್ಮಂದಿರಿದ್ದಾರೆ’, ‘ನನಗೆ ಹಸಿವಾಗಿದೆ’, ‘ನನಗೆ ಗೊತ್ತು’ ಎಂದು ನಾವು ಚತುರ್ಥಿಯಲ್ಲಿ ಹೇಳುವ ಮಾತುಗಳೆಲ್ಲ ಇಂಗ್ಲಿಷಿನಲ್ಲಿ ‘ಐ’ ಎಂಬ ಪ್ರಥಮೆಯಿಂದಲೇ ತೊಡಗುತ್ತವೆ: ‘ಐ ಹ್ಯಾವ್ ಟೂ ಬ್ರದರ್ಸ್’, ‘ಐ ಆ್ಯಮ್ ಹಂಗ್ರಿ’, ‘ಐ ನೋ’. ಇಂಥ ಹತ್ತು ವಾಕ್ಯಗಳನ್ನು ಜೋಡಿಯಾಗಿ ಬರೆಸುವುದು ಹತ್ತು ನಿಯಮಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮೇಲು.

ಪರೀಕ್ಷೆಯ ಮೂರು ಗಂಟುಗಳು

ಮೊದಲನೆಯದು ಪ್ರಯೋಗ ಬದಲಾವಣೆ. ಇದು ನಮ್ಮ ಮಕ್ಕಳಿಗೆ ಹೊಸದಲ್ಲ. ‘ರೈತನು ಹೊಲವನ್ನು ಉತ್ತನು’ ಎಂಬ ಕರ್ತರಿಯನ್ನು ‘ರೈತನಿಂದ ಹೊಲವು ಉಳಲ್ಪಟ್ಟಿತು’ ಎಂಬ ಕರ್ಮಣಿಗೆ ತಿರುಗಿಸುವುದನ್ನು ಅವರು ಕನ್ನಡದ ತಾಸಿನಲ್ಲಿಯೇ ಕಲಿತಿರುತ್ತಾರೆ. ‘ಇಂದ’ ಎಂಬಲ್ಲಿ ‘ಬೈ’, ‘ಉಳಲ್ಪಟ್ಟಿತು’ ಎಂಬಲ್ಲಿ ‘ವಾಸ್ ಪ್ಲೌಡ್’ ಎಂದು ಹೊಂದಿಸಿ ತೋರಿಸಿದರೆ ಸಾಕು. ಕನ್ನಡ ಶಿಕ್ಷಕರೂ ಇಂಗ್ಲಿಷ್ ಶಿಕ್ಷಕರೂ ಈ ಪಾಠವನ್ನು ಒಂದೇ ವಾರದಲ್ಲಿ ಇಟ್ಟುಕೊಂಡರೆ ಇನ್ನೂ ಒಳಿತು.

ಎರಡನೆಯದು ಪರೋಕ್ಷ ಕಥನ. ಇಲ್ಲಿ ಕನ್ನಡವು ದಾರಿ ತಪ್ಪಿಸುತ್ತದೆ. ‘ನಾಳೆ ಬರುತ್ತೇನೆ ಎಂದು ಅವನು ಹೇಳಿದನು’ ಎನ್ನುವಾಗ ಆಡಿದವನ ಮಾತು ಇದ್ದಂತೆಯೇ ಉಳಿಯುತ್ತದೆ. ‘ಎಂದು’ ಒಂದೇ ಸೇರುತ್ತದೆ. ಇಂಗ್ಲಿಷಿನಲ್ಲಿ ಪುರುಷ, ಕಾಲ, ದಿನ ಮೂರೂ ಬದಲಾಗುತ್ತವೆ: ‘ಹಿ ಸೆಡ್ ದ್ಯಾಟ್ ಹಿ ವುಡ್ ಕಮ್ ದಿ ನೆಕ್ಸ್ಟ್ ಡೇ’. ಯಾರು, ಎಂದು, ಯಾವ ದಿನ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ವಾಕ್ಯಕ್ಕೂ ಕೇಳಿಕೊಳ್ಳುವ ರೂಢಿಯನ್ನು ಮಾಡಿಸಬೇಕು.

ಮೂರನೆಯದು ವಾಕ್ಯದ ಕೊನೆಗೆ ಬರುವ ಬಾಲಪ್ರಶ್ನೆ. ನಮಗೆ ‘ಅಲ್ಲವೆ?’ ಎಂಬ ಒಂದೇ ಮಾತು ಎಲ್ಲಕ್ಕೂ ಸಾಲುತ್ತದೆ. ಅವರಲ್ಲಿ ವಾಕ್ಯಕ್ಕೆ ತಕ್ಕಂತೆ ಅದು ಬದಲಾಗುತ್ತದೆ: ‘ಹಿ ಈಸ್ ಎ ಫಾರ್ಮರ್, ಈಸಂಟ್ ಹಿ?’ ‘ದೇ ವೆಂಟ್ ಹೋಮ್, ಡಿಡಂಟ್ ದೇ?’ ವಾಕ್ಯವು ವಿಧಿರೂಪವಾದರೆ ಪ್ರಶ್ನೆ ನಿಷೇಧರೂಪ, ವಾಕ್ಯವು ನಿಷೇಧರೂಪವಾದರೆ ಪ್ರಶ್ನೆ ವಿಧಿರೂಪ ಎಂಬ ಸೂತ್ರವನ್ನು ಬಾಯಿಮಾತಿನ ಆಟದಂತೆ ಅಭ್ಯಾಸ ಮಾಡಿಸಬಹುದು.

ಶಬ್ದಗಳು ಮತ್ತು ನುಡಿಗಟ್ಟುಗಳು

ಹಳ್ಳಿಯ ಮಗುವಿಗೆ ಇಂಗ್ಲಿಷ್ ಶಬ್ದಗಳು ಬರುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಬಸ್ಸು, ಟಿಕೀಟು, ಬ್ಯಾಂಕು, ಪಂಪು, ಟ್ರ್ಯಾಕ್ಟರು, ಡಾಕ್ಟರು ಇವೆಲ್ಲ ಅದರ ಮನೆಮಾತಿನಲ್ಲಿಯೇ ಇವೆ. ಅಲ್ಲಿಂದ ತೊಡಗಿ, ಒಂದು ಶಬ್ದದಿಂದ ಅದರ ಬಳಗವನ್ನು ಬೆಳೆಸಬೇಕು. ‘ಫಾರ್ಮ್’ನಿಂದ ‘ಫಾರ್ಮರ್’, ‘ಫಾರ್ಮಿಂಗ್’. ‘ಟೀಚ್’ನಿಂದ ‘ಟೀಚರ್’, ‘ಟಾಟ್’. ಪ್ರತಿ ಶಬ್ದವನ್ನೂ ಸ್ವಂತ ವಾಕ್ಯದಲ್ಲಿ ಬಳಸಿದ ಮೇಲೆಯೇ ಅದು ನಮ್ಮದಾಯಿತೆಂದು ತಿಳಿಯಬೇಕು.

ನುಡಿಗಟ್ಟುಗಳಲ್ಲಿ ಕೆಲವು ಎರಡೂ ಭಾಷೆಗಳಿಗೆ ಸಮಾನವಾಗಿವೆ. ಮೊಸಳೆಕಣ್ಣೀರು, ಕಣ್ಣಿಗೆ ಮಣ್ಣೆರಚುವುದು ಅಲ್ಲಿಯೂ ಉಂಟು. ಆದರೆ ‘ತಲೆ ತಿನ್ನಬೇಡ’ ಎಂಬುದನ್ನು ಪದಕ್ಕೆ ಪದವಿಟ್ಟು ಹೇಳಿದರೆ ಇಂಗ್ಲಿಷರಿಗೆ ಅರ್ಥವಾಗದು. ಇನ್ನು ಕೆಲವು ನೆಲದ ಗುಣದಿಂದ ಬೇರೆಯಾಗಿವೆ. ‘ಮೇಕ್ ಹೇ ವೈಲ್ ದಿ ಸನ್ ಶೈನ್ಸ್’ ಎಂಬ ಗಾದೆಯನ್ನು ನೋಡಿರಿ. ಮಳೆ ಮೋಡಗಳ ಆ ದೇಶದಲ್ಲಿ ಕೊಯ್ದ ಹುಲ್ಲನ್ನು ಒಣಗಿಸಲು ಬಿಸಿಲಿಗಾಗಿ ಕಾಯಬೇಕು. ನಮ್ಮ ಎರೆಭೂಮಿಯಲ್ಲಿ ಬಿಸಿಲಿಗೆ ಬರವಿಲ್ಲ. ಕಣದಲ್ಲಿ ಜೋಳದ ರಾಶಿ ಮಾಡುವ ರೈತ ಕಾಯುವುದು ಗಾಳಿಗಾಗಿ. ಅದಕ್ಕೇ ನಮ್ಮವರು ‘ಗಾಳಿ ಬಂದಾಗ ತೂರಿಕೊ’ ಎಂದರು. ಹೀಗೆ ಹೇಳಿಕೊಟ್ಟ ಗಾದೆಯನ್ನು ಮಗು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.

ಅಭ್ಯಾಸದ ಕ್ರಮ

ಪರೀಕ್ಷೆಯ ಹಿಂದಿನ ತಿಂಗಳು ಗೈಡುಗಳನ್ನು ಉರುಹೊಡೆಯುವುದರಿಂದ ವ್ಯಾಕರಣ ಬರದು. ಪ್ರಶ್ನೆಯ ವಾಕ್ಯ ತುಸು ಬದಲಾದರೂ ಉರುಹೊಡೆದವನು ಕಂಗೆಡುತ್ತಾನೆ. ಜೂನ್ ತಿಂಗಳಿನಿಂದಲೇ ದಿನಕ್ಕೆ ಐದು ವಾಕ್ಯ, ಐದು ಶಬ್ದ ಸಾಕು. ಪ್ರತಿ ವಿದ್ಯಾರ್ಥಿಯೂ ‘ತಪ್ಪುಗಳ ವಹಿ’ಯೊಂದನ್ನು ಇಡಬೇಕು. ಅದರಲ್ಲಿ ಎಡಕ್ಕೆ ತಾನು ಬರೆದ ತಪ್ಪು ವಾಕ್ಯ, ಬಲಕ್ಕೆ ತಿದ್ದಿದ ವಾಕ್ಯ, ಕೆಳಗೆ ಕನ್ನಡದ ಮೂಲ ವಾಕ್ಯ. ವಾರಕ್ಕೊಮ್ಮೆ ಅದನ್ನು ಗಟ್ಟಿಯಾಗಿ ಓದಬೇಕು. ಪರೀಕ್ಷೆಯ ಹಿಂದಿನ ದಿನ ಓದಲು ಅದಕ್ಕಿಂತ ಒಳ್ಳೆಯ ಪುಸ್ತಕ ಬೇರೊಂದಿಲ್ಲ.

ಕೊನೆಯ ಮಾತು

ಪರಭಾಷೆಯ ಮುಂದೆ ನಮ್ಮ ಮಕ್ಕಳು ಕುಗ್ಗಬೇಕಾದ ಕಾರಣವಿಲ್ಲ. ಕನ್ನಡವನ್ನು ಕಲಿಯಲು ಪರದೇಶದವರೂ ಇದೇ ಬಗೆಯ ಕಷ್ಟಪಟ್ಟರು. ಜರ್ಮನಿಯ ಕಿಟ್ಟೆಲರು ಕೇಶಿರಾಜನ ಶಬ್ದಮಣಿದರ್ಪಣವನ್ನು ಅಭ್ಯಸಿಸಿ ಸಂಪಾದಿಸಿದರು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಅದರಲ್ಲಿ ನಮ್ಮ ಗಾದೆಗಳನ್ನೂ ಕೂಡಿಸಿದರು. ಇಂಗ್ಲಿಷರಾದ ಫ್ಲೀಟರು ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದು ಹಳಗನ್ನಡವನ್ನು ಕಲಿತರು. ಇದೇ ಮನಗೂಳಿಯ ಹನ್ನೆರಡನೆಯ ಶತಮಾನದ ಶಾಸನಗಳನ್ನು ಓದಿ, ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದರು. ನಮ್ಮೂರಿನ ಕಲ್ಲಿನ ಮೇಲಿನ ಅಕ್ಷರಗಳನ್ನು ಅವರು ತಾಳ್ಮೆಯಿಂದ ಕಲಿಯಬಹುದಾದರೆ, ಅವರ ಭಾಷೆಯನ್ನು ನಮ್ಮೂರ ಮಕ್ಕಳು ಕಲಿಯಲಾರರೆ?

ಇದಕ್ಕೆ ಬೇಕಾದುದು ಬಹಳವಲ್ಲ. ಶಿಕ್ಷಕರು ಗದರಿಸದೆ ತಿದ್ದುವ ತಾಳ್ಮೆಯನ್ನು ತೋರಲಿ. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ತಾಸು ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತನಾಡಲಿ. ದಾನಿಗಳು ತರಗತಿಗೊಂದು ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟನ್ನು ಕೊಡಿಸಲಿ. ಕನ್ನಡವನ್ನು ಬಿಟ್ಟು ಇಂಗ್ಲಿಷನ್ನು ಕಲಿಯುವುದು ಬೇಡ. ಕನ್ನಡದ ಕೈ ಹಿಡಿದುಕೊಂಡೇ ಅದನ್ನು ಕಲಿತ ಮಗು ಎರಡರಲ್ಲಿಯೂ ಉತ್ತೀರ್ಣವಾಗುವುದರಲ್ಲಿ ಸಂದೇಹವಿಲ್ಲ.